ಸಹಾಯ ಬೇಕು: ಮನೆ ಕಂಪ್ಯೂಟರ್‌ನಲ್ಲಿ ಪರ್ಸನಲ್ ಫೋಲ್ಡರ್ ಲಾಕ್ ಮಾಡೋದು ಹೇಗೆ?

ಎಲ್ರಿಗೂ ನಮಸ್ಕಾರ, ಮನೇಲಿ ಇರೋದು ಒಂದೇ ಕಂಪ್ಯೂಟರ್, ವಿಂಡೋಸ್ 11 ಹೋಮ್, ಮಕ್ಕಳು, ಅವರ ಫ್ರೆಂಡ್ಸು ಎಲ್ರೂ ಅದೇ ಲಾಗಿನ್‌ನಲ್ಲೇ ಕೂರ್ತಾರೆ. ಅದ್ರಲ್ಲೇ ಆಧಾರ್, ಪ್ಯಾನ್, ಸೈಟಿನ ಕ್ರಯಪತ್ರದ ಸ್ಕ್ಯಾನು, ಅಮ್ಮನ ಮೆಡಿಕಲ್ ರಿಪೋರ್ಟು ಎಲ್ಲಾ ಇದೆ, ಅಮ್ಮನ ವಿಷಯ ಅಂತೂ ಕಂಡೋರ ಕಣ್ಣಿಗೆ ಬೀಳಲೇಬಾರದು.

ಹಿಡನ್ ಮಾಡಿದ್ರೆ ವ್ಯೂ ಮೆನುವಲ್ಲಿ ಒಂದು ಟಿಕ್ ಹಾಕಿದ್ರೆ ಸಾಕು ಎಲ್ಲಾ ಕಾಣುತ್ತೆ, ಅದನ್ನ ಭದ್ರತೆ ಅನ್ನೋಕಾಗಲ್ಲ. ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಒತ್ತಿದ್ರೆ ಎನ್‌ಕ್ರಿಪ್ಟ್ (ಬೇರೆಯವರು ಓದೋಕಾಗದ ಹಾಗೆ ಗುಪ್ತಲಿಪಿ ಮಾಡೋ) ಆಪ್ಷನ್ ಮಸುಕಾಗಿದೆ, ಕ್ಲಿಕ್ಕೇ ಆಗಲ್ಲ, ಹೋಮ್ ಎಡಿಷನ್‌ಗೆ ಅದು ಇಲ್ಲ. ಫೈಲುಗಳನ್ನ ಒಟ್ಟಿಗೆ ಗಂಟು ಕಟ್ಟೋ ಸೆವೆನ್-ಜಿಪ್‌ ಸಾಫ್ಟ್‌ವೇರ್‌ನಲ್ಲಿ ಪಾಸ್‌ವರ್ಡ್ ಹಾಕಬಹುದು, ಆದ್ರೆ ಪ್ರತಿ ಸಲ ಬಿಚ್ಚಿ ನೋಡಿ ಆಮೇಲೆ ಆ ಕಾಪಿ ಡಿಲೀಟ್ ಮಾಡ್ತಾ ಕೂರಬೇಕು.

ಎನ್‌ಕ್ರಿಪ್ಟ್ ಮಾಡೋ ಉಚಿತ ಸಾಫ್ಟ್‌ವೇರ್ ವೆರಾಕ್ರಿಪ್ಟ್ ನನಗೆ ಸರಿ ಅನ್ಸಿದೆ, ಒಂದು ಕಂಟೈನರ್ ಫೈಲ್ ಮಾಡಿ ಪಾಸ್‌ವರ್ಡ್ ಕೊಟ್ರೆ ಬೇರೆ ಡ್ರೈವ್ ಥರ ತೆರ್ಕೊಳ್ಳುತ್ತೆ. ಭಯ ಏನಂದ್ರೆ ಮಕ್ಕಳು ಆ ಫೈಲನ್ನೇ ಡಿಲೀಟ್ ಮಾಡಿದ್ರೆ, ಇಲ್ಲಾ ಹಾಳಾದ್ರೆ ಎಲ್ಲಾ ಹೋಯ್ತು. ಪೆನ್‌ಡ್ರೈವ್‌ಗೆ ಇಡೀ ಕಂಟೈನರ್ ಕಾಪಿ ಮಾಡಿದ್ರೆ ಸಾಕಾ, ಹೆಡರ್ (ಕಂಟೈನರ್ ತೆರೆಯೋಕೆ ಬೇಕಾದ ಕೀ ಇರೋ ಅದರ ಮೊದಲ ಭಾಗ) ಬ್ಯಾಕಪ್ಪೂ ಬೇರೆ ತಗೋಬೇಕಾ? ಮಕ್ಕಳಿಗೆ ಬೇರೆ ಸ್ಟ್ಯಾಂಡರ್ಡ್ (ಅಡ್ಮಿನ್ ಅಧಿಕಾರ ಇಲ್ಲದ) ಅಕೌಂಟ್ ಮಾಡೋದು ಹೇಗೂ ಒಳ್ಳೇದೇ, ಅದನ್ನ ಈ ವಾರವೇ ಮಾಡ್ತೀನಿ. ವೆರಾಕ್ರಿಪ್ಟ್ ದಿನಾ ಬಳಸೋರು ದಯವಿಟ್ಟು ತಿಳಿಸಿ, ಕ್ರ್ಯಾಕ್ ಮಾಡಿರೋ ಫೋಲ್ಡರ್ ಲಾಕ್ ಸಾಫ್ಟ್‌ವೇರ್ ಲಿಂಕ್ ಮಾತ್ರ ಬೇಡ.