ಸಿಕಲ್ ಸೆಲ್: ವೈದ್ಯರನ್ನು ಕೇಳಿ (ಚಾಮರಾಜನಗರ, ಎಚ್.ಡಿ. ಕೋಟೆ ಆರೋಗ್ಯ ಬಳಗ)

ಅಡ್ಮಿನ್: ಇವತ್ತು ಸಂಜೆ ನಮ್ಮ ಜೊತೆ ರಕ್ತರೋಗಗಳ ವೈದ್ಯೆ ಇದ್ದಾರೆ. ಕಾಡಂಚಿನ ಬುಡಕಟ್ಟು ಊರುಗಳಲ್ಲಿ, ಅಂದರೆ ಸೋಲಿಗರ ಪೋಡುಗಳಲ್ಲೂ ಜೇನುಕುರುಬರ ಹಾಡಿಗಳಲ್ಲೂ ಕೆಲಸ ಮಾಡಿದವರು. ರೋಗಿಯ ಹೆಸರು, ಊರು ಹಾಕಬೇಡಿ.

ಅಂಗನವಾಡಿ ಕಾರ್ಯಕರ್ತೆ: ಮೇಡಂ, ಸಿಕಲ್ ಸೆಲ್ ಅಂಟುರೋಗಾನಾ?

ವೈದ್ಯೆ: ಅಲ್ಲ. ಇದು ರಕ್ತದ ಕೆಂಪು ಕಣ ಕುಡುಗೋಲಿನಂತೆ ಬಾಗುವ ಕಾಯಿಲೆ. ಅಪ್ಪ, ಅಮ್ಮ ಇಬ್ಬರಿಂದಲೂ ಹುಟ್ಟಿನಲ್ಲೇ ಬರುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟಲ್ಲ.

ಆಶ್ರಮ ಶಾಲೆ ಶಿಕ್ಷಕ: ನಮ್ಮ ಶಾಲೆಯಲ್ಲಿ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಕೆಲವು ಮಕ್ಕಳಿಗೆ ‘ಪಾಸಿಟಿವ್’ ಅಂತ ಚೀಟಿ ಬಂದಿದೆ. ಆಟ ಆಡಿಸಬಾರದಾ?

ವೈದ್ಯೆ: ಆ ಚೀಟಿ ಅರ್ಧ ಮಾತು ಅಷ್ಟೇ. ಶಾಲೆಗಳಲ್ಲಿ ಬೆರಳು ಚುಚ್ಚಿ ಮಾಡುವ ಸಾಲ್ಯುಬಿಲಿಟಿ ಟೆಸ್ಟ್‌ನಲ್ಲಿ ವಾಹಕ (ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ದೋಷ ಬಂದವರು) ಯಾರು, ಕಾಯಿಲೆಯವರು ಯಾರು ಅಂತ ಗೊತ್ತಾಗಲ್ಲ. ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಅನ್ನುವ, ಹಿಮೋಗ್ಲೋಬಿನ್ ಬೇರ್ಪಡಿಸಿ ನೋಡುವ ಪರೀಕ್ಷೆ ಮಾಡಿಸಿ. ವಾಹಕ ಮಗು ರೋಗಿ ಅಲ್ಲ, ಆಡಲಿ, ನೀರು ಚೆನ್ನಾಗಿ ಕುಡಿಯಲಿ. ಚೀಟಿಯನ್ನು ತರಗತಿಯಲ್ಲಿ ಓದಬೇಡಿ. ಅಪ್ಪ ಅಮ್ಮನ ಕೈಗೆ ಕೊಡಿ.

ಆಶಾ ಕಾರ್ಯಕರ್ತೆ: ಮೇಡಂ, ಪೋಡಿನಲ್ಲಿ 9 ವರ್ಷದ ಹುಡುಗ. ಆಗಾಗ ಕಾಲು ನೋವು ಅಂತ ಅಳ್ತಾನೆ, ಕಣ್ಣು ಹಳದಿ. ಕೂಸಾಗಿದ್ದಾಗ ಕೈ ಕಾಲು ಊದಿಕೊಂಡಿತ್ತಂತೆ. ಕಬ್ಬಿಣದ ಸಿರಪ್ ಕೊಡ್ತಾ ಇದ್ದಾರೆ. ನಿನ್ನೆಯಿಂದ ಜ್ವರ, ಇವತ್ತು ಎದೆ ನೋವು. ಹೊಟ್ಟೆಗೆ ಬರೆ ಹಾಕ್ತೀವಿ, ನಾಳೆ ನೋಡೋಣ ಅಂತಾರೆ ಅಜ್ಜಿ.

ವೈದ್ಯೆ: ನಾಳೆ ಅಲ್ಲ ತಾಯಿ, ಈಗಲೇ 108ಕ್ಕೆ ಫೋನ್ ಮಾಡಿ. ಇದನ್ನು ಓದುತ್ತಾ ಕೂರಬೇಡಿ, ಮೊದಲು ಫೋನ್. ನೀವು ಹೇಳಿದ್ದೆಲ್ಲ ಸಿಕಲ್ ಸೆಲ್ ಕಾಯಿಲೆಯ ಲಕ್ಷಣ. ಜ್ವರದ ಜೊತೆ ಎದೆ ನೋವು ಬಂದರೆ ಶ್ವಾಸಕೋಶದಲ್ಲಿ ರಕ್ತನಾಳ ಕಟ್ಟಿಕೊಂಡಿರಬಹುದು, ಸೋಂಕೂ ಇರಬಹುದು. ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟಬಹುದು. ಆಮ್ಲಜನಕ, ಆಂಟಿಬಯಾಟಿಕ್, ನೋವಿನ ಔಷಧಿ ಬೇಕು. ರಕ್ತ ಕೊಡಬೇಕಾಗಿ ಬರಬಹುದು, ಅದಕ್ಕೇ ದೊಡ್ಡ ಆಸ್ಪತ್ರೆ. ಡ್ಯೂಟಿ ಡಾಕ್ಟರಿಗೆ “ಸಿಕಲ್ ಸೆಲ್ ಅನುಮಾನ, ಜ್ವರ, ಎದೆ ನೋವು” ಅಂತ ಈ ಮೂರೂ ಮಾತು ಒಟ್ಟಿಗೇ ಹೇಳಿ.

ದಾರಿಯಲ್ಲಿ ಬೆಚ್ಚಗೆ ಹೊದೆಸಿ. ಕುಡಿಯೋಕೆ ಆದರೆ ಗುಟುಕು ಗುಟುಕು ನೀರು ಕೊಡಿ. ಕಬ್ಬಿಣದ ಸಿರಪ್ ನಿಲ್ಲಿಸಿ. ಈ ರಕ್ತಹೀನತೆ ಕಬ್ಬಿಣ ಕಮ್ಮಿಯಾಗಿ ಬಂದದ್ದಲ್ಲ. ಮಾಮೂಲಿ ಕೆಂಪು ಕಣ 120 ದಿನ ಬದುಕುತ್ತದೆ, ಕುಡುಗೋಲಿನಂತೆ ಬಾಗಿದ ಕಣ 10ರಿಂದ 20 ದಿನಕ್ಕೇ ಒಡೆಯುತ್ತದೆ. ಕಣ್ಣು ಹಳದಿಯಾಗುವುದು ಅದರಿಂದ.

ಅಜ್ಜಿ ಮೇಲೆ ರೇಗಬೇಡಿ. “ಬರೆ ಹಾಕಿದರೆ ಸುಟ್ಟ ಗಾಯಕ್ಕೂ ಸೋಂಕು ತಗಲುತ್ತದೆ, ಹುಡುಗನಿಗೆ ಈಗ ಅದನ್ನು ತಡೆಯುವ ಶಕ್ತಿ ಇಲ್ಲ” ಅಂತ ಹೇಳಿ. ಪೋಡಿನ ಪೂಜಾರಿ ತಮ್ಮಡಿಯವರನ್ನೂ ಕರೆಸಿ. ಪೂಜೆ ಅವರು ಮಾಡಲಿ, ಆದರೆ ಹುಡುಗ ಗಾಡಿ ಹತ್ತಲಿ. ಅಜ್ಜಿಯನ್ನೂ ಜೊತೆಗೆ ಹತ್ತಿಸಿ. ಆಸ್ಪತ್ರೆಯಲ್ಲಿ ತಮ್ಮವರೊಬ್ಬರು ಇಲ್ಲ ಅಂದ್ರೆ ಪೋಡಿನವರು ಅರ್ಧ ರಾತ್ರಿಯಲ್ಲಿ ಎದ್ದು ಪೋಡಿಗೆ ಬಂದುಬಿಡುತ್ತಾರೆ. ಅದು ಹಠ ಅಲ್ಲ, ಭಯ.

ಸದಸ್ಯ 1: ಬೀಟ್‌ರೂಟ್, ದಾಳಿಂಬೆ ರಸ 21 ದಿನ ಕುಡಿದರೆ ಸಿಕಲ್ ಸೆಲ್ ಮಾಯ. ಎಲ್ಲರಿಗೂ ಫಾರ್ವರ್ಡ್ ಮಾಡಿ 🙏

ವೈದ್ಯೆ: ಮಾಡಬೇಡಿ. ವಂಶವಾಹಿ ರಸದಿಂದ ಬದಲಾಗಲ್ಲ. ಇದನ್ನು ನಂಬಿ, ನೋವು ಬರುವುದನ್ನು ಕಮ್ಮಿ ಮಾಡುವ ಹೈಡ್ರಾಕ್ಸಿಯೂರಿಯಾ ಔಷಧಿ ನಿಲ್ಲಿಸಿದ ಮಕ್ಕಳು ನೋವಿನಿಂದ ಒದ್ದಾಡುವುದನ್ನು ನೋಡುವವರು ನಾವು. ದಯವಿಟ್ಟು ಡಿಲೀಟ್ ಮಾಡಿ.

ಸದಸ್ಯ 2: ಏನೇ ಹೇಳಿ ಮೇಡಂ, ಕಾಡಿನ ಜನ ಮಾತು ಕೇಳಲ್ಲ. ಕ್ಯಾಂಪ್ ಇಟ್ಟರೆ ಒಬ್ಬರೂ ಬರಲ್ಲ.

ಸೋಲಿಗ ಯುವಕ: ಕ್ಯಾಂಪ್ ಯಾವಾಗ ಇಟ್ಟಿದ್ರಿ ಸರ್? ಜೇನು ತೆಗೆಯೋ ಕಾಲದಲ್ಲಿ ಪೋಡಿನಲ್ಲಿ ಯಾರಿರ್ತಾರೆ? ನಮ್ಮ ಯಜಮಾನರನ್ನ ಒಂದು ಮಾತು ಕೇಳಿದ್ರಾ?

ಸದಸ್ಯ 2: ಒಳ್ಳೇದು ಮಾಡೋಕೆ ಅಪ್ಪಣೆ ಬೇಕಾ?

ಸೋಲಿಗ ಯುವಕ: ಸಂಶೋಧನೆ ಅಂತ ಒಂದು ತಂಡ ನಮ್ಮಲ್ಲಿ ರಕ್ತ ತಗೊಂಡು ಹೋಯ್ತು. ರಿಪೋರ್ಟ್ ಇವತ್ತಿಗೂ ಬಂದಿಲ್ಲ. ನನ್ನ ತಂಗಿ ವಾಹಕಳೋ ಅಲ್ಲವೋ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಮತ್ತೆ ಬಂದು ಕೈ ಚಾಚಿ ಅಂದ್ರೆ ಯಾಕೆ ಚಾಚಬೇಕು?

ಸದಸ್ಯ 2: ಒಬ್ಬರು ಮಾಡಿದ ತಪ್ಪಿಗೆ ಎಲ್ಲರನ್ನೂ ಬೈತೀರಾ?

ಅಡ್ಮಿನ್: ಜಗಳ ಬೇಡ, ಪ್ರಶ್ನೆ ಮಾತ್ರ.

ವೈದ್ಯೆ: ಇದೂ ಪ್ರಶ್ನೆಯೇ ಅಡ್ಮಿನ್, ಬಿಡಿ. ಆ ಯುವಕ ಹೇಳೋದು ಸರಿ. ಅಮೆರಿಕದ ಅರಿಜೋನಾದಲ್ಲಿ ಹವಸುಪೈ ಅನ್ನುವ ಸಣ್ಣ ಬುಡಕಟ್ಟು ಇದೆ. ಸಕ್ಕರೆ ಕಾಯಿಲೆ ಅಧ್ಯಯನ ಅಂತ 1990ರಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಅವರ ರಕ್ತ ತೆಗೆದುಕೊಂಡರು. ಆಮೇಲೆ ಅದನ್ನೇ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯ ಅಧ್ಯಯನಕ್ಕೂ, ಅವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅನ್ನುವುದಕ್ಕೂ ಬಳಸಿದರು. ಜನ ಕೋರ್ಟಿಗೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನೂ ವಾಪಸ್ ಮಾಡಿತು. ನಮ್ಮಲ್ಲೂ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇದೆ. ಯಜಮಾನರು ಒಪ್ಪಿದರೆ ಸಾಲದು, ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗಿ ಬೇಕು. ಯಜಮಾನರನ್ನು ಕೇಳದೇ ಹೋದರೂ ತಪ್ಪು, ಅವರನ್ನಷ್ಟೇ ಕೇಳಿದರೂ ತಪ್ಪು. ಫಲಿತಾಂಶ ವಾಪಸ್ ಕೊಡಲು ಆಗದವರು ಸೂಜಿ ಹಿಡಿದು ಪೋಡಿಗೆ ಹೋಗಲೇಬಾರದು. ತಂಗಿಯನ್ನು ಕರೆದುಕೊಂಡು ಬನ್ನಿ, ಹೊಸದಾಗಿ ಪರೀಕ್ಷೆ ಮಾಡಿಸೋಣ.

ಎಎನ್‌ಎಂ: ಮೇಡಂ, ಹುಡುಗ ಹುಡುಗಿ ಇಬ್ಬರೂ ವಾಹಕರು. ಮದುವೆ ಗೊತ್ತಾಗಿದೆ. ನಿಲ್ಲಿಸಿ ಅಂತ ಹೇಳಲಾ?

ವೈದ್ಯೆ: ಅದನ್ನು ಹೇಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕವಾಗುವ ಸಾಧ್ಯತೆ ಎರಡರಲ್ಲಿ ಒಂದು. ಒಂದು ಮಗುವಿಗೆ ಬಂತು ಅಂತ ಮುಂದಿನದಕ್ಕೆ ಬರಲ್ಲ ಅಂತಿಲ್ಲ. ಬಸಿರಿನ ಆರಂಭದಲ್ಲೇ ಪರೀಕ್ಷೆ ಮಾಡಿಸುವ ದಾರಿಯೂ ಇದೆ. ಇಬ್ಬರನ್ನೂ ಕೂರಿಸಿ ಹೇಳಿ. ತೀರ್ಮಾನ ಅವರದು.

ಆಶ್ರಮ ಶಾಲೆ ಶಿಕ್ಷಕ: ಎಚ್‌ಪಿಎಲ್‌ಸಿ ಎಲ್ಲಿ ಮಾಡಿಸಬೇಕು ಮೇಡಂ? ನಮ್ಮ ಪಿಎಚ್‌ಸಿಯಲ್ಲಿ ಇಲ್ಲ ಅಂದರು.

ಸದಸ್ಯ 3: ಮೇಡಂ, ಇದು ಅಂಟುತ್ತಾ?

ವೈದ್ಯೆ: ಇಲ್ಲ. ಮೇಲೆ ಉತ್ತರಿಸಿದ್ದೇನೆ.

ಸದಸ್ಯ 1: ರಸದ ಬಗ್ಗೆ ಸುಮ್ನೆ ಯಾಕೆ ಕೋಪ ಮೇಡಂ? ನಮ್ಮ ಪಕ್ಕದ ಮನೆಯವರಿಗೆ ಗುಣ ಆಗಿದೆ.

ವೈದ್ಯೆ: ಎಚ್‌ಪಿಎಲ್‌ಸಿ ರಿಪೋರ್ಟ್ ಇದ್ದರೆ ನನಗೆ ಕಳಿಸಿ. ಇಲ್ಲದಿದ್ದರೆ ಆ ಸಂದೇಶವನ್ನು ಇನ್ನೊಮ್ಮೆ ಇಲ್ಲಿ ಹಾಕಬೇಡಿ.

ಆಶಾ ಕಾರ್ಯಕರ್ತೆ: ಗಾಡಿ ಬಂತು. ಅಜ್ಜಿ ಹತ್ತಿದ್ದಾರೆ.

ವೈದ್ಯೆ: ಯಾವ ಆಸ್ಪತ್ರೆ ಅಂತ ಇನ್‌ಬಾಕ್ಸ್‌ಗೆ ಬರೆಯಿರಿ. ಡ್ಯೂಟಿ ಡಾಕ್ಟರಿಗೆ ನಾನೇ ಫೋನ್ ಮಾಡುತ್ತೇನೆ. ಉಳಿದವರ ಪ್ರಶ್ನೆಗಳಿಗೆ ಇವತ್ತು ಉತ್ತರಿಸಲು ಆಗಲ್ಲ.

ಸದಸ್ಯ 3: ಹಾಗಾದ್ರೆ ನನ್ನ ಪ್ರಶ್ನೆ ಯಾವಾಗ ನೋಡ್ತೀರಿ ಮೇಡಂ?