ಆಸ್ಪತ್ರೆಯ ಲೆಕ್ಕ: ತಲೆಯೆಣಿಕೆಯೋ, ದಾರಿಯ ದೂರವೋ?

ಪ್ರಶ್ನೆ (ಕುಮಟಾದಿಂದ)

ಕಳೆದ ಮಳೆಗಾಲದಲ್ಲಿ ನನ್ನ ದೊಡ್ಡಪ್ಪನವರಿಗೆ ಬೆಳಗಿನ ಜಾವ ಎದೆನೋವು ಕಾಣಿಸಿಕೊಂಡಿತು. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಇಲ್ಲಿ ಏನೂ ಮಾಡುವಂತಿಲ್ಲ ಎಂದು ಮಣಿಪಾಲಕ್ಕೆ ಚೀಟಿ ಬರೆದುಕೊಟ್ಟರು. ಹೊನ್ನಾವರ, ಭಟ್ಕಳ, ಕುಂದಾಪುರ ದಾಟಿ ಅಲ್ಲಿಗೆ ಮುಟ್ಟುವಾಗ ಮೂರು ತಾಸಿನ ಮೇಲಾಗಿತ್ತು. ಜೀವ ಉಳಿಯಿತು, ಆದರೆ ಅವರು ಇನ್ನು ಗದ್ದೆಗೆ ಇಳಿಯುವಂತಿಲ್ಲ.

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಸಿಡುಬನ್ನೂ ಪೋಲಿಯೋವನ್ನೂ ಓಡಿಸಿದ ದೇಶದಲ್ಲಿ, 2016ರಿಂದ ಕಾರವಾರದಲ್ಲಿ ವೈದ್ಯಕೀಯ ಕಾಲೇಜೇ ಇರುವ ಉತ್ತರ ಕನ್ನಡ ಜಿಲ್ಲೆಯಲ್ಲಿ, ನಾವಿನ್ನೂ ಮಣಿಪಾಲ, ಹುಬ್ಬಳ್ಳಿ, ಗೋವಾಗಳ ದಾರಿ ಹಿಡಿಯಬೇಕಾಗಿರುವುದು ಏಕೆ? ಕೊರತೆ ಹಣದ್ದೇ, ವೈದ್ಯರದ್ದೇ, ಅಥವಾ ಯೋಜನೆ ಹಾಕುವ ಕ್ರಮದ್ದೇ?

ಉತ್ತರ 1 (ಅಂಕೋಲಾ, ನಿವೃತ್ತ ಆರೋಗ್ಯ ಸಹಾಯಕಿ)

ತಮ್ಮಾ, ನಿಮ್ಮ ದೊಡ್ಡಪ್ಪನವರ ವಿಷಯ ಓದಿ ಬೇಸರವಾಯಿತು. ಆದರೂ ನಡೆದು ಬಂದ ದಾರಿಯನ್ನು ಮರೆಯಬಾರದು. ಸ್ವಾತಂತ್ರ್ಯ ಬಂದಾಗ ಈ ದೇಶದ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು, ಈಗ 70ರ ಹತ್ತಿರವಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಸೂಲಗಿತ್ತಿಯರ ಕೈಯಲ್ಲಿ ಆಗುತ್ತಿದ್ದವು. ಮಗು ಅಡ್ಡವಾಗಿದ್ದರೆ ಕಂಬಳಿಯ ಜೋಲಿ ಕಟ್ಟಿ, ಹಳ್ಳ ದಾಟಿ, ತಾಯಿಯನ್ನು ಹೊತ್ತು ತರುತ್ತಿದ್ದರು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು, ಹೆರಿಗೆಗೆ ಆಸ್ಪತ್ರೆಗೆ ಹೋಗುವುದೇ ರೂಢಿಯಾಯಿತು. 2011ರ ಜನವರಿಯ ನಂತರ ದೇಶದಲ್ಲಿ ಪೋಲಿಯೋ ಪ್ರಕರಣ ಕಂಡುಬಂದಿಲ್ಲ ಎಂಬ ಸುದ್ದಿ ಕೇಳಿದಾಗ, ಲಸಿಕೆ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆದ ನಮ್ಮಂಥವರಿಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಲಸಿಕೆಯ ಕೆಲಸ ಬೇರೆ. ಅದನ್ನು ಒಂದು ಭಾನುವಾರ ಗೊತ್ತುಮಾಡಿಕೊಂಡು ಮಾಡಬಹುದು. ಹೃದಯಾಘಾತ ದಿನ ಗೊತ್ತುಮಾಡಿಕೊಂಡು ಬರುವುದಿಲ್ಲ.

ಉತ್ತರ 2 (ಸಿದ್ದಾಪುರ)

ತಾವು ಕೇಳಿದ ಮೂರರಲ್ಲಿ ಮೂರನೆಯದರ ಕಡೆಗೇ ನನ್ನ ಬೊಟ್ಟು. 1946ರ ಭೋರ್ ಸಮಿತಿಯ ವರದಿಯಿಂದ ಇಂದಿನವರೆಗೆ ನಮ್ಮ ಆರೋಗ್ಯ ವ್ಯವಸ್ಥೆಯನ್ನು ಕಟ್ಟಿದ್ದು ಜನಸಂಖ್ಯೆಯ ಲೆಕ್ಕದಲ್ಲಿ. ಬಯಲು ಸೀಮೆಯಲ್ಲಿ 30 ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20 ಸಾವಿರಕ್ಕೆ ಒಂದು ಎಂಬುದು ನಿಯಮ. ಕೋಟ್ಯಂತರ ಜನರಿರುವ ದೇಶದಲ್ಲಿ ಅನ್ನ ಹಂಚುವಂತೆ ಆಸ್ಪತ್ರೆಯನ್ನೂ ತಲೆ ಎಣಿಸಿಯೇ ಹಂಚಬೇಕಾಯಿತು, ಅದು ತಪ್ಪೆಂದು ನಾನು ಹೇಳಲಾರೆ.

ಆದರೆ 2011ರ ಜನಗಣತಿಯಂತೆ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ನಮ್ಮ ಜಿಲ್ಲೆಯಲ್ಲಿ 140. ಗುಡ್ಡಗಾಡಿನ ರಿಯಾಯಿತಿ ಕೊಟ್ಟು ಹಂಚಿದರೂ ಇಲ್ಲಿ ಒಂದು ಕೇಂದ್ರದ ಪಾಲಿಗೆ ಸುಮಾರು 143 ಚದರ ಕಿಲೋಮೀಟರ್ ಬೀಳುತ್ತದೆ. ರಾಜ್ಯದ ಸರಾಸರಿ ಸಾಂದ್ರತೆಯಿರುವ ಬಯಲಿನಲ್ಲಿ, ರಿಯಾಯಿತಿಯೇ ಇಲ್ಲದೆ, 94. ಜೋಯಿಡಾದಂಥ ತಾಲ್ಲೂಕಿನಲ್ಲಿ ಈ ಲೆಕ್ಕ ಇನ್ನೂ ಹದಗೆಡುತ್ತದೆ. ನಡುವೆ ದೇವಿಮನೆ, ಅರಬೈಲು, ಅಣಶಿ ಘಟ್ಟಗಳಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದಾಗ, ನಕ್ಷೆಯ ಮೇಲೆ ಹತ್ತಿರವಿದ್ದ ಕಾರವಾರ ಆ ಕಡೆಯವರಿಗೆ ಬಹಳ ದೂರವಾಯಿತು. ಆಸ್ಪತ್ರೆ ಎಷ್ಟು ಜನರಿಗೆ ಒಂದು ಎಂಬುದರ ಜೊತೆಗೆ, ಎಷ್ಟು ತಾಸಿನ ದಾರಿಗೆ ಒಂದು ಎಂದೂ ಕೇಳಬೇಕು.

ರೋಗದ ವಿಷಯದಲ್ಲೂ ಹೀಗೆಯೇ. ಮಂಗನ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋದವರಿಗೆ ಉಣುಗು (ಉಣ್ಣಿ) ಕಚ್ಚಿ ಜ್ವರ ಬರುವುದು ಇಂದಿಗೂ ನಿಂತಿಲ್ಲ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ಕೊಡುವುದನ್ನು ನಿಲ್ಲಿಸಲಾಯಿತು. ಕೆಲವೇ ತಾಲ್ಲೂಕುಗಳ ರೋಗವಾದ್ದರಿಂದ ಅದಕ್ಕೆ ಸಿಗುವ ಗಮನವೂ ಅಷ್ಟೇ ಎಂಬ ನೋವು ನನಗಿದೆ.

ಉತ್ತರ 3 (ಶಿರಸಿ, ವೈದ್ಯ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಹಣದ ಕೊರತೆಯನ್ನೂ ಸೇರಿಸುತ್ತೇನೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರದ ಆರೋಗ್ಯ ವೆಚ್ಚವನ್ನು 2025ರೊಳಗೆ ದೇಶದ ಒಟ್ಟು ಉತ್ಪನ್ನದ ಶೇ 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು; ಅದನ್ನು ತಲುಪಲಾಗಿಲ್ಲ. ಈ ನಡುವೆ ರೋಗಗಳೇ ಬದಲಾದವು: 1990ರಲ್ಲಿ ದೇಶದ ಸಾವುಗಳಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮೊದಲಾದ ಸಾಂಕ್ರಾಮಿಕವಲ್ಲದ ರೋಗಗಳ ಪಾಲು ಶೇ 38ರಷ್ಟಿತ್ತು, 2016ಕ್ಕೆ ಶೇ 62ರ ಹತ್ತಿರ ಬಂತು. ಹೆರಿಗೆ ಮತ್ತು ಲಸಿಕೆಗಾಗಿ ಕಟ್ಟಿದ ವ್ಯವಸ್ಥೆಯ ಮೇಲೆ ಈ ಭಾರ ಬಿದ್ದಿದೆ.

ದೊಡ್ಡ ಆಸ್ಪತ್ರೆ ಬರಲಿ, ಬೇಕು. ಆದರೆ ಅದು ಕಾರವಾರಕ್ಕೆ ಬಂದರೆ ಶಿರಸಿಗೆ ದೂರ, ಶಿರಸಿಗೆ ಬಂದರೆ ಭಟ್ಕಳಕ್ಕೆ ದೂರ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಅರಿವಳಿಕೆ ತಜ್ಞರು, ರಕ್ತ, ಮತ್ತು ಹೃದಯದ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದು ಇರುವಂತೆ ಮಾಡುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯ ಉದ್ದೇಶ ಇದೇ: ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ಆ ಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುವುದು.

ಮತ್ತೆ ಕುಮಟಾದಿಂದ

ಎಲ್ಲರಿಗೂ ವಂದನೆಗಳು. ಡಾಕ್ಟರೇ, ಒಂದು ಸಂಶಯ. ಮುಂದೆ ಯಾರಿಗಾದರೂ ಹೀಗಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ನಿಂತು ಹೊತ್ತು ಕಳೆಯುವುದಕ್ಕಿಂತ ನೇರವಾಗಿ ಮಣಿಪಾಲಕ್ಕೆ ಹೊರಡುವುದು ಒಳ್ಳೆಯದಲ್ಲವೇ?

ಉತ್ತರ 3 (ಶಿರಸಿ, ವೈದ್ಯ)

ಅಲ್ಲ. ಇಸಿಜಿಗೆ ಹತ್ತು ನಿಮಿಷ ಸಾಕು, ಮತ್ತು ಮಣಿಪಾಲ ಮೂರು ತಾಸು ದೂರವಿರುವಾಗ ಆ ಚುಚ್ಚುಮದ್ದನ್ನು ಹೊರಡುವ ಮೊದಲೇ ಪಡೆಯುವುದರಲ್ಲಿ ಲಾಭವಿದೆ. ನೋವು ಶುರುವಾದ 12 ತಾಸಿನೊಳಗೆ ಅದನ್ನು ಕೊಡಬಹುದು, ಮೊದಲ ಮೂರು ತಾಸಿನಲ್ಲಿ ಅದರ ಗುಣ ಹೆಚ್ಚು. ಇತ್ತೀಚೆಗೆ ಪಾರ್ಶ್ವವಾಯು ಅಥವಾ ರಕ್ತಸ್ರಾವ ಆಗಿದ್ದವರಿಗೆ ಕೊಡುವುದಿಲ್ಲ, ಆದ್ದರಿಂದ ಹಳೆಯ ಚೀಟಿಗಳನ್ನು ಮರೆಯದೆ ಒಯ್ಯಿರಿ. ಮದ್ದು ಕೊಟ್ಟ ಮೇಲೂ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು. ನೋವು ಎಷ್ಟು ಗಂಟೆಗೆ ಆರಂಭವಾಯಿತೆಂದು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ, ಗಾಬರಿಯಲ್ಲಿ ಮನೆಯವರು ಮರೆಯುವುದೂ ಅದನ್ನೇ.