ನಾಸ್ತಿಕರು ಸೇರುವ ಜಾಗಕ್ಕೆ ಏನನ್ನೋಣ? ಮಂದಿರ, ಕೇಂದ್ರ, ಕಟ್ಟೆ, ಪಡಸಾಲೆ

ಬಳಗದ ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ಕಾನ್ವೇ ಹಾಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ರೆಡ್ ಲಯನ್ ಸ್ಕ್ವೇರ್‌ನಲ್ಲಿರುವ ಈ ಕಟ್ಟಡದ ಬಾಗಿಲು ತೆರೆದದ್ದು 1929ರಲ್ಲಿ. ಕಟ್ಟಿಸಿದ ಸಂಘದ ಬೇರು ಮಾತ್ರ 18ನೇ ಶತಮಾನದ ಕೊನೆಯ ಒಂದು ಕ್ರೈಸ್ತ ಪಂಗಡದಲ್ಲಿದೆ. ಆ ಜನ ಒಂದೊಂದೇ ನಂಬಿಕೆ ಬಿಡುತ್ತಾ ಬಂದು, ಕಡೆಗೆ ದೇವರನ್ನೂ ಬಿಟ್ಟರು. ಭಾನುವಾರ ಸೇರುವುದನ್ನು ಬಿಡಲಿಲ್ಲ. ಅವರ ಭಾಷಣ, ಚರ್ಚೆ, ಸಂಗೀತ ಕಛೇರಿಗಳಿಗೆ ನೂರು ವರ್ಷಕ್ಕೂ ಜಾಸ್ತಿ ಇತಿಹಾಸವಿದೆ. 2013ರ ಜನವರಿಯಲ್ಲಿ ಸ್ಯಾಂಡರ್ಸನ್ ಜೋನ್ಸ್, ಪಿಪ್ಪಾ ಇವಾನ್ಸ್ ಎಂಬ ಇಬ್ಬರು ಹಾಸ್ಯ ಕಲಾವಿದರು 'ಸಂಡೇ ಅಸೆಂಬ್ಲಿ' ಶುರುಮಾಡಿದರು. ಮೊದಲು ಸೇರಿದ್ದು ಇಸ್ಲಿಂಗ್ಟನ್‌ನ ಒಂದು ಹಳೆಯ ಚರ್ಚ್ ಕಟ್ಟಡದಲ್ಲಿ, ಆಮೇಲೆ ಕಾನ್ವೇ ಹಾಲ್‌ನಲ್ಲಿ. ಎಲ್ಲರೂ ಒಟ್ಟಿಗೆ ಹಾಡುತ್ತಾರೆ, ಒಬ್ಬರು ಮಾತಾಡುತ್ತಾರೆ, ಸ್ವಲ್ಪ ಹೊತ್ತು ಮೌನವಾಗಿ ಕೂರುತ್ತಾರೆ, ಆಮೇಲೆ ಚಹಾ. ಅಲ್ಲಿನ ಪತ್ರಿಕೆಗಳು ಇದನ್ನು 'ನಾಸ್ತಿಕರ ಚರ್ಚ್' ಎಂದವು.

ನನ್ನ ಪ್ರಶ್ನೆ ಇಷ್ಟೇ. ಇಂಥ ಜಾಗಕ್ಕೆ ಕನ್ನಡದಲ್ಲಿ ಏನನ್ನಬೇಕು? 'ಸಭಾಂಗಣ' ಅಂದರೆ ಬಾಡಿಗೆಗೆ ಸಿಗುವ ಹಾಲ್ ನೆನಪಾಗುತ್ತದೆ. ನನಗೆ ಬೇಕಾದದ್ದು ವಾರವಾರ ಅದೇ ಮುಖಗಳು ಸೇರುವ, ಮದುವೆಗೂ ಸಾವಿಗೂ ಒದಗುವ, ಕಷ್ಟ ಬಂದಾಗ ಹೋಗಿ ಕೂರಬಹುದಾದ ಜಾಗದ ಹೆಸರು.

ಇದಕ್ಕೆ ಕನ್ನಡದಲ್ಲಿ ಪದ ಸಿಕ್ಕೇ ಸಿಗುತ್ತದೆ ಅನ್ನುವ ನಂಬಿಕೆ ನನಗಿದೆ. ಯಾಕೆಂದರೆ ಇದರ ಅಕ್ಕಪಕ್ಕದ ಎರಡು ಕೆಲಸಗಳಿಗೆ ನಾವು ಆಗಲೇ ಒಳ್ಳೆಯ ಪದ ಕಂಡುಕೊಂಡಿದ್ದೇವೆ. ಪುರೋಹಿತರಿಲ್ಲದೆ, ಮುಹೂರ್ತ ನೋಡದೆ, ದುಂದಿಲ್ಲದೆ ಮದುವೆಯಾಗುವುದಕ್ಕೆ ಕುವೆಂಪು 'ಮಂತ್ರಮಾಂಗಲ್ಯ' ಅಂದರು. ಅವರ ಮಗ ಪೂರ್ಣಚಂದ್ರ ತೇಜಸ್ವಿ 1966ರಲ್ಲಿ ರಾಜೇಶ್ವರಿ ಅವರನ್ನು ಮದುವೆಯಾದದ್ದು ಹಾಗೆಯೇ. ಇವತ್ತು 'ಮಂತ್ರಮಾಂಗಲ್ಯ ಮಾಡಿಕೊಂಡ್ರು' ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಾವಿನ ಮಾತು ಇನ್ನೂ ಕಷ್ಟದ್ದು. ದೈವಾಧೀನ, ಸ್ವರ್ಗಸ್ಥ, ಶಿವೈಕ್ಯ, ವಿಧಿವಶ, ಎಲ್ಲದರಲ್ಲೂ ದೇವರೋ ಪರಲೋಕವೋ ಹಣೆಬರಹವೋ ಕೂತಿದೆ. 'ತೀರಿಕೊಂಡರು' ಒಂದೇ ಸರಳವಾಗಿ ಉಳಿಯುತ್ತದೆ. ಆದರೆ ತೀರಿಕೊಂಡವರನ್ನು ನೆನೆದು ನಾಲ್ಕು ಮಾತಾಡುವ ಸಭೆಗೆ 'ನುಡಿನಮನ' ಅನ್ನುವ ಪದ ಬಂತು. ಎಷ್ಟು ಚೆನ್ನಾಗಿದೆ ನೋಡಿ! ಅದರಲ್ಲಿ ಆತ್ಮ, ಶಾಂತಿ, ಸದ್ಗತಿ ಯಾವುದೂ ಇಲ್ಲ. ನುಡಿ ಇದೆ, ನಮನ ಇದೆ, ಸಾಕು. ಆಸ್ತಿಕರೂ ಅದನ್ನೇ ಬಳಸುತ್ತಾರೆ.

ಮದುವೆಗೆ ಪದ ಇದೆ, ಸಾವಿಗೆ ಇದೆ. ಇವೆರಡೂ ನಡೆಯುವ ಜಾಗಕ್ಕೆ ಇಲ್ಲ. ಬಹುಶಃ ನಮ್ಮಲ್ಲಿ ಜಾಗವೇ ಇಲ್ಲದ್ದಕ್ಕೆ ಪದವೂ ಇಲ್ಲ.

'ಮಂದಿರ' ಆಗಬಹುದೇ? ಮೂಲದಲ್ಲಿ ಅದಕ್ಕೆ ಮನೆ, ವಾಸದ ಜಾಗ ಅಂತಲೇ ಅರ್ಥ. ಚಿತ್ರಮಂದಿರ, ರಂಗಮಂದಿರದಲ್ಲಿ ಯಾರೂ ಪೂಜೆ ಹುಡುಕುವುದಿಲ್ಲ. 'ವೇದಿಕೆ'ಯೂ ಹಾಗೆಯೇ, ಹಿಂದೆ ಯಜ್ಞದ ವೇದಿ, ಈಗ ಮೈಕ್ ಇಡುವ ಜಾಗ. ಆದರೆ 'ನಾಸ್ತಿಕರ ಮಂದಿರ' ಅಂದ ತಕ್ಷಣ ಕಿವಿಗೆ ಬೀಳುವುದು ದೇವಸ್ಥಾನವೇ. 'ದೇವರಿಲ್ಲದ ಗುಡಿ' ಅಂದರಂತೂ ಪಾಳುಗುಡಿ. ಇದೇ ಜಗಳ ಲಂಡನ್ನಿನಲ್ಲೂ ಆಗಿದೆ. 2012ರಲ್ಲಿ ಲೇಖಕ ಆಲೆನ್ ಡಿ ಬಾಟನ್ ನಾಸ್ತಿಕರಿಗೆ 46 ಮೀಟರ್ ಎತ್ತರದ ಒಂದು ಗೋಪುರ ಕಟ್ಟೋಣ ಎಂದರು. ಭೂಮಿಯ ವಯಸ್ಸಿನ ಹತ್ತು ಲಕ್ಷ ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕ. ಅದಕ್ಕೆ 'ಟೆಂಪಲ್' ಅಂದರು. ನಾಸ್ತಿಕರಿಗೆ ಗುಡಿ ಬೇಕಿಲ್ಲ, ಆ ದುಡ್ಡಿಗೆ ಬೇರೆ ಒಳ್ಳೆಯ ಕೆಲಸ ಇದೆ ಎಂದು ನಾಸ್ತಿಕವಾದಿ ವಿಜ್ಞಾನಿ ರಿಚರ್ಡ್ ಡಾಕಿನ್ಸ್ ತಿರುಗಿಬಿದ್ದರು. ಈ ವಿಷಯದಲ್ಲಿ ನಾನು ಡಾಕಿನ್ಸ್ ಕಡೆ. ಬೆರಗುಪಡಲು ಗೋಪುರ ಇರಬಹುದು, ಅಲ್ಲಿ ಪಕ್ಕದವರ ಹೆಸರು ಗೊತ್ತಾಗುವುದಿಲ್ಲ.

'ನಾಸ್ತಿಕ' ಪದವನ್ನೂ ಸ್ವಲ್ಪ ನೋಡಬೇಕು. ಮನುಸ್ಮೃತಿಯಲ್ಲಿ ವೇದವನ್ನು ನಿಂದಿಸುವವನೇ ನಾಸ್ತಿಕ. ಪಾಣಿನಿಯ ವ್ಯಾಕರಣ ಸೂತ್ರಕ್ಕೆ 'ಕಾಶಿಕಾ ವೃತ್ತಿ' ಎಂಬ ಹಳೆಯ ವ್ಯಾಖ್ಯಾನ ಹೇಳುವಂತೆ ಪರಲೋಕ ಇದೆ ಅನ್ನುವವನು ಆಸ್ತಿಕ, ಇಲ್ಲ ಅನ್ನುವವನು ನಾಸ್ತಿಕ. ಎರಡರಲ್ಲೂ ದೇವರ ಮಾತೇ ಇಲ್ಲ! ಸೃಷ್ಟಿಕರ್ತನನ್ನು ಒಪ್ಪದ ಮೀಮಾಂಸಕರು ವೇದ ಒಪ್ಪಿದ್ದಕ್ಕೆ ಆಸ್ತಿಕರಾದರು, ಪರಲೋಕ ಒಪ್ಪುವ ಜೈನರು ವೇದ ಒಪ್ಪಲಿಲ್ಲವೆಂದು ನಾಸ್ತಿಕರಾದರು. ಊರಿನ ಮಾತಿನಲ್ಲಿ ಅದು ಬೈಗುಳವೂ ಹೌದು.

ಆ ಬೈಗುಳವನ್ನೇ ಹೆಸರಾಗಿ ತಲೆ ಮೇಲೆ ಹೊತ್ತವರು ತೆಲುಗರು. ಸಮಾಜ ಸುಧಾರಕ ದಂಪತಿ ಗೋರಾ ಮತ್ತು ಸರಸ್ವತಿ ಗೋರಾ 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ 'ನಾಸ್ತಿಕ ಕೇಂದ್ರಂ' ಶುರುಮಾಡಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಅಲ್ಲಿ ಮುಖ್ಯವಾದದ್ದು ಬರೀ ದೇವರಿಲ್ಲ ಅನ್ನುವ ಭಾಷಣ ಅಲ್ಲ. ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುವುದು, ಜಾತಿ ಮೀರಿದ ಮದುವೆ, ಒಂದೇ ಆವರಣದಲ್ಲಿ ಬದುಕುವುದು. ಗೋರಾ ತಮ್ಮ ಮಗಳನ್ನು ದಲಿತ ಯುವಕನಿಗೆ ಕೊಟ್ಟು 1948ರಲ್ಲಿ ಗಾಂಧೀಜಿಯ ಆಶ್ರಮವಿದ್ದ ಸೇವಾಗ್ರಾಮದಲ್ಲಿ ಮದುವೆ ಮಾಡಿದರು. ಕೆಲಸ ಅಷ್ಟು ದೊಡ್ಡದು, 'ಕೇಂದ್ರ' ಅನ್ನುವ ಪದ ಮಾತ್ರ ನನಗೆ ಕಚೇರಿಯಂತೆ ಕೇಳುತ್ತದೆ. ಚೆನ್ನೈನ ವೇಪೇರಿಯಲ್ಲಿ, ತಮಿಳುನಾಡಿನ ನಾಸ್ತಿಕ ಚಳವಳಿಯ ನಾಯಕ ಪೆರಿಯಾರ್ ಹೆಸರಿನ 'ಪೆರಿಯಾರ್ ತಿಡಲ್' ಇದೆ. ತಿಡಲ್ ಅಂದರೆ ಬಯಲು ಜಾಗ. ಅದು ಎಷ್ಟು ಚೆಂದ! ಗೋಡೆ ಇಲ್ಲ, ಹೊಸ್ತಿಲಿಲ್ಲ. ಕನ್ನಡದಲ್ಲಿ 'ಬಯಲು' ಅನ್ನೋಣ ಅಂದರೆ, ವಚನಕಾರರು ಅದಕ್ಕೆ ತುಂಬಿದ ಅರ್ಥ ಒಂದು ಕಡೆ ಎಳೆಯುತ್ತದೆ, 'ಬಯಲಿಗೆ ಹೋಗೋದು' ಇನ್ನೊಂದು ಕಡೆ.

ಇನ್ನು ನಮ್ಮವೇ ಪದಗಳು. 'ಕೂಟ' ಅಮೆರಿಕದ ಕನ್ನಡಿಗರಲ್ಲಿ ಚೆನ್ನಾಗಿ ಬೇರುಬಿಟ್ಟಿದೆ. ಆದರೆ ಅದು ಸೇರುವವರ ಹೆಸರು, ಸೇರುವ ಜಾಗದ್ದಲ್ಲ. 'ಕಟ್ಟೆ' ಎಲ್ಲರಿಗೂ ಮೊದಲು ಹೊಳೆಯುವ ಪದ. ಅರಳಿಕಟ್ಟೆ ಅಂದರೆ ಹರಟೆ, ನೆರಳು, ಸ್ನೇಹ. ಆದರೆ ಅದೇ ಕಟ್ಟೆಯ ಮೇಲೆ ನಾಗರಕಲ್ಲು ಇರುತ್ತದೆ, ಮತ್ತು ಎಷ್ಟೋ ಊರುಗಳಲ್ಲಿ ದಲಿತರು ಅದರ ಮೇಲೆ ಕೂರುವಂತಿರಲಿಲ್ಲ. 'ಚಾವಡಿ'ಯದೂ ಅದೇ ಕಥೆ: ಕಂದಾಯ, ನ್ಯಾಯ, ದೊಡ್ಡವರು ಮೇಲೆ, ಉಳಿದವರು ಕೆಳಗೆ ನಿಂತು. 'ಜಗಲಿ'ಯಲ್ಲಿ ಕೂರಿಸಿದರು ಅಂದರೆ ಒಳಗೆ ಕರೆಯಲಿಲ್ಲ ಅಂತಲೂ ಆಗುತ್ತದೆ. ಈ ಪದಗಳನ್ನು ಬಿಡಲೇಬೇಕು ಅನ್ನುತ್ತಿಲ್ಲ. ಆದರೆ ದೇವರನ್ನು ಬಿಟ್ಟು, ಯಾರು ಎಲ್ಲಿ ಕೂರಬೇಕು ಅನ್ನುವ ಹಳೆಯ ಕಟ್ಟಳೆಯನ್ನು ಹೆಸರಿನಲ್ಲೇ ಉಳಿಸಿಕೊಂಡರೆ ನನಗೆ ಸಮಾಧಾನವಿಲ್ಲ.

ಸದ್ಯಕ್ಕೆ ನನ್ನ ಮನಸ್ಸು 'ಪಡಸಾಲೆ' ಕಡೆ ವಾಲಿದೆ. ಅದು ಮನೆಯ ಒಳಗಿನ ಜಾಗ. ನೆಂಟರು ಬಂದು ಕೂರುವುದು, ಮಕ್ಕಳು ಓದುವುದು, ಹೆಂಗಸರು ಅಕ್ಕಿ ಆರಿಸುವುದು, ರಾತ್ರಿ ಚಾಪೆ ಹಾಸಿ ಮಲಗುವುದು, ಎಲ್ಲ ಅಲ್ಲೇ. ಹಿಂದೆ ಅಲ್ಲಿಗೂ ಎಲ್ಲರನ್ನೂ ಕರೆಯುತ್ತಿರಲಿಲ್ಲ, ನಿಜ. ಆದರೆ 'ಪಡಸಾಲೆಗೆ ಬನ್ನಿ' ಅಂದರೆ ಒಳಗೆ ಬನ್ನಿ ಅಂತಲೇ ಅರ್ಥ, ಅಲ್ವಾ? ಮನೆಯ ಒಂದು ಭಾಗದ ಹೆಸರು ಊರಿಗೇ ಸೇರಿದ ಜಾಗದ ಹೆಸರಾಗಬಲ್ಲದು. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆಯ 'ಅಟ್ಟ' ಹಾಗೆ ಆಗಿದೆ. ಅಲ್ಲಿ ಕೂತು ಮಾತಾಡಿದ ಬರಹಗಾರರಿಂದ ಆ ಚಿಕ್ಕ ಪದಕ್ಕೆ ತೂಕ ಬಂತು.

ಈಗ ನಿಮ್ಮಿಂದ ಬೇಕಾದದ್ದು. ನಿಮ್ಮ ಕಡೆ 'ಪಡಸಾಲೆ' ಮನೆಯ ಯಾವ ಭಾಗ? ಹೊರಗಿನವರು ಅಲ್ಲಿಯವರೆಗೆ ಬರುತ್ತಿದ್ದರೇ? ಕರಾವಳಿ, ಕಲಬುರಗಿ, ಚಾಮರಾಜನಗರದ ಕಡೆಯವರು ದಯವಿಟ್ಟು ಹೇಳಿ. ಪೂಜೆ ಇಲ್ಲದ, ಜಾತಿ ಕೇಳದ ಕೂರುವ ಜಾಗಕ್ಕೆ ನಿಮ್ಮೂರಿನಲ್ಲಿ ಬೇರೆ ಪದ ಇದ್ದರೆ ಅದನ್ನು ಬಳಸುವ ಒಂದು ವಾಕ್ಯದ ಜೊತೆ ಬರೆಯಿರಿ. ಜೊತೆಗೆ ಇನ್ನೊಂದು: ಗುಡಿಗೆ 'ಹೋಗಿ ಕೈಮುಗಿದು' ಬರುತ್ತೇವೆ. ಇಂಥ ಜಾಗಕ್ಕೆ ಹೋಗಿ ಏನು ಮಾಡಿ ಬಂದೆವು ಅನ್ನಬೇಕು? 'ಕೂತು ಬಂದೆವು' ಸಾಕೇ?